ಫಿಯಟ್ 1100ಡಿ: ಕುರ್ಲಾದ ತಪ್ಪೆಷ್ಟು, ನಮ್ಮ ಅಂಗಳದ್ದೆಷ್ಟು

ಅಜ್ಜನ ಹಳೆ ಫಿಯಟ್ ಕಾರನ್ನು ಮತ್ತೆ ಓಡಿಸುವ ಕೆಲಸಕ್ಕೆ ಕೈ ಹಾಕುವ ಮೊದಲು ನೂರು ಪುಟದ ಒಂದು ನೋಟ್‌ಬುಕ್ ತಂದು, ಮೊದಲ ಪುಟದಲ್ಲಿ ತೊಂದರೆಗಳನ್ನೆಲ್ಲ ಬರೆದೆ. ಹದಿನಾಲ್ಕು ಬಂದವು. ಮೂರು ಮಳೆಗಾಲ ಕಳೆದು ಕೆಲಸವೆಲ್ಲ ಮುಗಿದ ಮೇಲೆ ಅದೇ ಪುಟ ತೆಗೆದು ಒಂದೊಂದರ ಮುಂದೂ 'ಕು' ಅಥವಾ 'ಅಂ' ಅಂತ ಗುರುತು ಹಾಕಿದೆ. 'ಕು' ಅಂದರೆ ಕುರ್ಲಾ. ಬೊಂಬಾಯಿಯ ಕುರ್ಲಾದಲ್ಲಿ ಈ ಕಾರು ಮಾಡುತ್ತಿದ್ದ ಪ್ರೀಮಿಯರ್ ಕಾರ್ಖಾನೆಯಿಂದಲೇ ಬಂದ ಕೊರತೆ, ಇಲ್ಲವೇ ವಯಸ್ಸಿಗೆ ತಕ್ಕಂತೆ ಸವೆದದ್ದು. 'ಅಂ' ಅಂದರೆ ಅಂಗಳ. ನಮ್ಮ ಮನೆಯವರೋ, ಡ್ರೈವರೋ, ನಾವು ದುಡ್ಡು ಕೊಟ್ಟ ಯಾರೋ ರಿಪೇರಿ ಅಂತ ಮಾಡಿ ಹಾಳು ಮಾಡಿದ್ದು.

ಕು ನಾಲ್ಕು. ಅಂ ಹತ್ತು. ನಡುವೆ ಹದಿನೈದನೆಯದೂ ಒಂದು ಸೇರಿತು. ಅದನ್ನು ಮಾಡಿದ್ದು ನಾನೇ. ಆ ಕತೆ ಮುಂದೆ ಬರುತ್ತದೆ.

ಕಾರು 1972ರ ಫಿಯಟ್ 1100 ಡಿಲೈಟ್. ಅಜ್ಜ ತೆಗೆದುಕೊಂಡದ್ದು. ಪದ್ಮಿನಿ ಅಂದರೆ ಎಲ್ಲರಿಗೂ ತಿಳಿಯುತ್ತದೆ, ಡಿಲೈಟ್ ಅಂದರೆ ಮುಖ ನೋಡುತ್ತಾರೆ. ಎರಡೂ ಒಂದೇ ಸಂಸಾರ. ಪ್ರೀಮಿಯರ್‌ನವರು 1964ರಿಂದ ಇದನ್ನು 1100ಡಿ ಅಥವಾ ಡಿಲೈಟ್ ಹೆಸರಲ್ಲಿ ಮಾಡುತ್ತಿದ್ದರು, ಎಪ್ಪತ್ತರ ದಶಕದ ನಡುವೆ ಅದೇ ಕಾರಿಗೆ ಪದ್ಮಿನಿ ಅಂತ ಹೆಸರಾಯಿತು. ನಮ್ಮ ಆರ್‌ಸಿ ಪುಸ್ತಕದಲ್ಲಿ ಇನ್ನೂ 'ಮೈಸೂರು ರಾಜ್ಯ' ಅಂತಿದೆ, ನಂಬರ್ ಎಂವೈ ಅಂತ ಶುರುವಾಗುತ್ತದೆ. ಕರ್ನಾಟಕ ಅಂತ ಹೆಸರಾಗಿದ್ದು ಮರುವರ್ಷ ನವೆಂಬರ್‌ನಲ್ಲಿ ಅಲ್ವಾ. 1089 ಸಿಸಿ ಎಂಜಿನ್, ನಲವತ್ತರ ಆಸುಪಾಸು ಕುದುರೆ ಶಕ್ತಿ, ಸ್ಟೇರಿಂಗ್ ಪಕ್ಕದಲ್ಲಿ ನಾಲ್ಕು ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಬ್ಯಾಟರಿ ಚಾರ್ಜಿಗೆ ಡೈನಮೊ.

ಊರು ತೀರ್ಥಹಳ್ಳಿ ಹತ್ತಿರ. 2009ರಿಂದ 2021ರ ತನಕ ಕಾರು ಕೊಟ್ಟಿಗೆ ಪಕ್ಕದ ತಗಡಿನ ಮಾಡಿನಡಿ ನಿಂತಿತ್ತು. ಒಂದು ಕಡೆ ಅಡಿಕೆ ಸಿಪ್ಪೆ ರಾಶಿ, ಇನ್ನೊಂದು ಕಡೆ ಸೌದೆ. ನಮ್ಮ ಕಡೆ ಜೂನ್‌ನಲ್ಲಿ ಒಗೆದ ಬಟ್ಟೆ ಒಣಗಲು ಸೆಪ್ಟೆಂಬರ್ ಬರಬೇಕು. ಅಂಥ ಜಾಗದಲ್ಲಿ ಹನ್ನೆರಡು ಮಳೆಗಾಲ ನಿಂತ ತಗಡಿನ ಗತಿ ಏನಾಗಿರಬಹುದು ಅಂತ ಊಹಿಸಬಹುದು. ನಾನು ಊಹಿಸಲಿಲ್ಲ. ಬಾನೆಟ್ ಎತ್ತಿ ಎಂಜಿನ್ ನೋಡುತ್ತಾ ಕೂತೆ.

ಊರಲ್ಲಿ ಫಿಯಟ್ ಕೆಲಸ ಗೊತ್ತಿದ್ದ ಒಬ್ಬ ಮೇಸ್ತ್ರಿ ಉಳಿದಿದ್ದರು. ಎಪ್ಪತ್ತು ದಾಟಿದೆ, ಗ್ಯಾರೇಜು ಮುಚ್ಚಿಯಾಗಿದೆ, ಮೊಣಕಾಲು ನೋವು. ಕರೆದರೆ ಬಂದು ಕುರ್ಚಿಯಲ್ಲಿ ಕೂತು ಹೇಳುತ್ತಿದ್ದರು, ಕೈ ನನ್ನದು. ಮೊದಲ ದಿನ ಬಂದವರು ಬಾನೆಟ್ ಕಡೆ ತಿರುಗಿಯೂ ನೋಡಲಿಲ್ಲ. ಬಾಗಿಲು ತೆಗೆದು ಕಾಲಡಿಯ ರಬ್ಬರ್ ಮ್ಯಾಟ್ ಎತ್ತಿ ಅಂದರು:

"ಮೊದಲು ನೆಲ ನೋಡು ಮಾರಾಯ. ಎಂಜಿನ್ ಎಲ್ಲಿಗೂ ಓಡಿಹೋಗಲ್ಲ."

ನೆಲ ಇತ್ತು, ತಗಡು ಇರಲಿಲ್ಲ

ಮ್ಯಾಟಿನ ಕೆಳಗೆ ಡಾಂಬರಿನ ಹಾಳೆ ಅಂಟಿತ್ತು. ಕೊರೆಯುವ ಉಳಿ ತಗೊಂಡು ಮೂಲೆಯಲ್ಲಿ ಎಬ್ಬಿಸಿದೆ. ಹಪ್ಪಳದ ಹಾಗೆ ಎದ್ದು ಬಂತು. ಅದರ ಕೆಳಗೆ ಫೈಬರ್ ಬಟ್ಟೆ, ಅದರ ಕೆಳಗೆ ಗಟ್ಟಿ ಪುಟ್ಟಿ, ಪುಟ್ಟಿ ಕೆಳಕ್ಕೆ ಬೀಳದಿರಲಿ ಅಂತ ಒತ್ತಿದ ಪತ್ರಿಕೆ. ಕಾಗದದ ಚೂರಿನಲ್ಲಿ 1994ರ ತಾರೀಕು ಓದುವ ಹಾಗಿತ್ತು. ಪತ್ರಿಕೆಯ ಕೆಳಗೆ ಏನೂ ಇರಲಿಲ್ಲ. ಅಂಗಳದ ಮಣ್ಣು ಕಾಣುತ್ತಿತ್ತು, ಒಂದು ಕೋಳಿ ಆ ತೂತಿನಿಂದ ನನ್ನನ್ನೇ ನೋಡಿತು.

ಅಂದರೆ ಹದಿನೈದು ವರ್ಷ ನಾವೆಲ್ಲ ಆ ಕಾರಿನಲ್ಲಿ ಧರ್ಮಸ್ಥಳ, ಶೃಂಗೇರಿ ಅಂತ ತಿರುಗಿದ್ದು ಒಂದು ಹಳೆ ಪತ್ರಿಕೆಯ ಮೇಲೆ ಕಾಲಿಟ್ಟುಕೊಂಡು.

ಈ ಕೆಲಸ ಮಾಡಿದ್ದು ಯಾವ ಟಿಂಕರಿಂಗ್ ಶೆಡ್ಡು ಅಂತ ಅಪ್ಪನಿಗೆ ನೆನಪಿದೆ, ಹೆಸರು ಇಲ್ಲಿ ಬೇಡ. ಅವರ ಮೇಲೆ ನನಗೆ ಪೂರಾ ಸಿಟ್ಟೂ ಇಲ್ಲ. ಅಪ್ಪ ಕೊಟ್ಟ ದುಡ್ಡಿಗೆ ಅಷ್ಟೇ ಬರುತ್ತಿತ್ತೋ ಏನೋ. ಸಿಟ್ಟು ಬಂದಿದ್ದು ಇನ್ನೊಂದು ವಿಷಯಕ್ಕೆ. ಬಾಗಿಲಿನ ಕೆಳಗೆ ಉದ್ದಕ್ಕೆ ಓಡುವ ಪೆಟ್ಟಿಗೆಯಂಥ ಭಾಗ ಇದೆಯಲ್ಲ, ಸಿಲ್ ಅನ್ನುತ್ತಾರೆ, ಅದರ ತಳದಲ್ಲಿ ನೀರು ಇಳಿದು ಹೋಗಲು ಸಣ್ಣ ತೂತುಗಳಿರುತ್ತವೆ. ಬಾಗಿಲುಗಳ ತಳದಲ್ಲೂ ಇರುತ್ತವೆ. ಕಿಟಕಿ ಗಾಜಿನ ಸಂದಿಯಿಂದ ಒಳಗಿಳಿದ ಮಳೆ ನೀರು ಆ ತೂತಿನಿಂದ ಹೊರಗೆ ಹೋಗಬೇಕು. 'ತುಕ್ಕು ಹಿಡಿಯದ ಕೋಟಿಂಗ್' ಅಂತ ಅಡಿಗೆ ಡಾಂಬರು ಹೊಡೆದವರು ಆ ತೂತುಗಳನ್ನೂ ಸೇರಿಸಿ ಮುಚ್ಚಿಬಿಟ್ಟಿದ್ದರು. ನೀರು ಒಳಗೇ ನಿಂತಿತು. ಸಿಲ್ ಒಳಗಿನಿಂದ ತಿಂದುಹೋಯಿತು, ಹೊರಗೆ ಬಣ್ಣ ಫಳಫಳ.

ಹಳೆ ಕಾರು ನೋಡಲು ಹೋಗುವವರು ಒಂದು ಅಯಸ್ಕಾಂತ ಜೇಬಲ್ಲಿ ಇಟ್ಟುಕೊಳ್ಳಿ. ಫ್ರಿಜ್ ಬಾಗಿಲಿಗೆ ಅಂಟಿಸುತ್ತೇವಲ್ಲ, ಅದೇ ಸಾಕು. ಬಣ್ಣ ಗೀರದಿರಲು ತೆಳು ಬಟ್ಟೆ ಸುತ್ತಿ. ಸಿಲ್, ಬಾಗಿಲ ತಳ, ಚಕ್ರದ ಮೇಲಿನ ಕಮಾನು, ಇವಿಷ್ಟರ ಮೇಲೆ ಆಡಿಸಿದರೆ ಎಲ್ಲಿ ತಗಡಿದೆ, ಎಲ್ಲಿ ಪುಟ್ಟಿ ಇದೆ ಅಂತ ಎರಡು ನಿಮಿಷದಲ್ಲಿ ತಿಳಿಯುತ್ತದೆ. ನಮ್ಮ ಕಾರಿನ ಎಡಗಡೆ ಸಿಲ್ ಮೇಲೆ ಅಯಸ್ಕಾಂತ ಒಂದು ಕಡೆಯೂ ನಿಲ್ಲಲಿಲ್ಲ.

ಇಲ್ಲೊಂದು ಮುಖ್ಯ ವಿಷಯ. ಫಿಯಟ್ 1100ಕ್ಕೆ ಜೀಪು, ಲಾರಿಗಿರುವ ಹಾಗೆ ಅಡಿಗೆ ಚಾಸಿ ಅನ್ನುವ ಬೇರೆ ಚೌಕಟ್ಟು ಇಲ್ಲ. ಬಾಡಿಯೇ ಬೆನ್ನೆಲುಬು. ನೆಲ ಮತ್ತು ಸಿಲ್ ಹೋದರೆ ಕಾರು ನಡುವೆ ಬಾಗುತ್ತದೆ. ನಾನು ಗೊತ್ತಿಲ್ಲದೆ ಹಿಂದಿನ ಎರಡು ಚಕ್ರ ಜಾಕ್ ಹಾಕಿ ಎತ್ತಿದೆ, ಮುಚ್ಚಿದ್ದ ಎಡಬಾಗಿಲು ತೆರೆಯಲೇ ಇಲ್ಲ. ಇಳಿಸಿದೆ, ತೆರೆಯಿತು. ಮೇಸ್ತ್ರಿ ಕೂತಲ್ಲಿಂದಲೇ ತಲೆ ಆಡಿಸಿದರು. "ಈಗ ಗೊತ್ತಾಯ್ತಾ? ಈ ಸ್ಥಿತಿಯಲ್ಲಿ ಸಿಲ್ ಕೊಯ್ದಿದ್ದರೆ ಕಾರು ಬಾಳೆಹಣ್ಣಿನ ಹಾಗೆ ಡೊಂಕಾಗಿ ಹಾಗೇ ನಿಲ್ಲುತ್ತಿತ್ತು."

ಆಮೇಲೆ ಮಾಡಿದ ಕ್ರಮ ಹೀಗೆ. ಸಮತಟ್ಟಾದ ಸಿಮೆಂಟ್ ನೆಲಕ್ಕೆ ತಳ್ಳಿ, ನಾಲ್ಕು ಕಡೆ ಸ್ಟ್ಯಾಂಡ್ ಕೊಟ್ಟು, ಬಾಗಿಲುಗಳ ಸಂದಿ ಎಲ್ಲ ಕಡೆ ಸಮ ಆಗುವ ತನಕ ಸ್ಟ್ಯಾಂಡ್ ಅಡಿಗೆ ತಗಡು ತುಂಡು ಸೇರಿಸಿದೆ. ಇದಕ್ಕೇ ಒಂದು ಭಾನುವಾರ ಹೋಯಿತು. ಬಾಗಿಲು ಬಿಚ್ಚಿ, ಬಾಗಿಲ ಜಾಗದಲ್ಲಿ ಚೌಕ ಪೈಪು ಅಡ್ಡಡ್ಡ ವೆಲ್ಡ್ ಮಾಡಿಸಿ ಬಾಡಿಯನ್ನು ಬಿಗಿದೆ. ಆಮೇಲೆ ಒಂದು ಬದಿಯ ಸಿಲ್ ಮಾತ್ರ ಕೊಯ್ದು, ಹೊಸದು ಹಾಕಿ ಮುಗಿದ ಮೇಲೆ ಇನ್ನೊಂದು. ನೆಲಕ್ಕೆ 18 ಗೇಜ್ ತಗಡು. ಮೂಲ ನೆಲದಲ್ಲಿ ಗಟ್ಟಿತನಕ್ಕೆ ಉಬ್ಬುಗೆರೆ ಇರುತ್ತವೆ. ಚಪ್ಪಟೆ ತಗಡು ಹಾಕಿದರೆ ಡಬಡಬ ಅನ್ನುತ್ತದೆ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಆ ಗೆರೆ ಹೊಡೆಸಿಕೊಂಡು ಬಂದೆ.

ವೆಲ್ಡಿಂಗ್ ಮಾತ್ರ ನಾನು ಮಾಡಲಿಲ್ಲ. ಗ್ರಿಲ್ ಮಾಡುವವರ ಕಡ್ಡಿ ವೆಲ್ಡಿಂಗ್ ಈ ತೆಳು ತಗಡಿಗೆ ಆಗಿಬರಲ್ಲ, ತೂತು ಬೀಳಿಸುತ್ತದೆ. ಗ್ಯಾಸ್ ಬಿಡುತ್ತಾ ತೆಳು ತಂತಿಯಿಂದ ಮಾಡುವ ಸಿಓಟು ವೆಲ್ಡಿಂಗ್ ಬೇಕು. ಒಬ್ಬ ಹುಡುಗ ಮಿಷನ್ ತಂದು ಮನೆಯಲ್ಲೇ ಮಾಡಿಕೊಟ್ಟ. ಸಂಜೆ ಆರಾದರೆ ಊರಿನ ಕರೆಂಟು ಸೊರಗುತ್ತಿತ್ತು, ಮಿಷನ್ ಎಳೆಯುತ್ತಿರಲಿಲ್ಲ. ಹಾಗಾಗಿ ಬೆಳಿಗ್ಗೆ ಮಾತ್ರ ಕೆಲಸ, ಏಳು ಬೆಳಿಗ್ಗೆ. ಕೊನೆಗೆ ಸತುವಿನ ಪ್ರೈಮರ್, ಸಿಲ್ ಒಳಗೆ ಮೇಣ ಕರಗಿಸಿದ ಎಣ್ಣೆ, ಮತ್ತೆ ಡ್ರಿಲ್ ಹಿಡಿದು ಆ ತೂತುಗಳು. ಮೊದಲ ಮಳೆಗೆ ಹೊರಗೆ ನಿಲ್ಲಿಸಿ ಅಡಿಗೆ ಟಾರ್ಚ್ ಬಿಟ್ಟು ನೋಡಿದೆ. ತೊಟ್ಟು ತೊಟ್ಟಾಗಿ ನೀರು ಇಳಿಯುತ್ತಿತ್ತು. ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಅದೇ.

ಸದ್ದು ಅಡಗಿಸಿದ್ದರ ಫಲ

ಎಂಜಿನ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾಕಂದರೆ ಅದು ಅಷ್ಟು ಕೆಟ್ಟಿರಲಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ ಕಂಪ್ರೆಶನ್, ಅಂದರೆ ಒಂದೊಂದು ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಅಂತ ನೋಡಿದಾಗ ಮೂರು ಸಿಲಿಂಡರ್ 105ರಿಂದ 110 ಪೌಂಡ್, ನಾಲ್ಕನೆಯದು ಬರೀ 60. ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ ಅಂತ, ಏರದಿದ್ದರೆ ಸಿಲಿಂಡರಿನ ಗಾಳಿ, ಹೊಗೆಯ ದಾರಿ ಮುಚ್ಚುವ ವಾಲ್ವ್. ಏರಲಿಲ್ಲ. ಎಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಿದರೆ ನಾಲ್ಕನೆಯ ಎಕ್ಸಾಸ್ಟ್ (ಹೊಗೆ ಬಿಡುವ) ವಾಲ್ವ್ ಅಂಚು ಇಲಿ ಕಚ್ಚಿದ ಹಾಗೆ ಸುಟ್ಟಿತ್ತು.

ಯಾಕೆ ಸುಟ್ಟಿತು? ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವೆ ಇರಬೇಕಾದ ಕೂದಲೆಳೆಯಷ್ಟು ಜಾಗ, ಟ್ಯಾಪೆಟ್ ಸಂದಿ ಅನ್ನುತ್ತಾರೆ, ಸೊನ್ನೆ ಇತ್ತು. ಸಂದಿ ಅಳೆಯುವ ಫೀಲರ್ ಗೇಜಿನ ಅತಿ ತೆಳು ಎಲೆಯೂ ಹೋಗಲಿಲ್ಲ. ಅಜ್ಜನ ಕಾಲದ ಕೊನೆಯಲ್ಲಿ ಕಾರು ಟಕಟಕ ಅನ್ನುತ್ತದೆ ಅಂತ ಯಾರೋ ಟ್ಯಾಪೆಟ್ ಬಿಗಿ ಮಾಡಿಕೊಟ್ಟರಂತೆ. ಸದ್ದು ನಿಂತಿತು, ಅಜ್ಜನಿಗೆ ಸಂತೋಷವಾಯಿತು. ಆದರೆ ವಾಲ್ವ್ ತಣ್ಣಗಾಗುವುದೇ ತನ್ನ ಸೀಟಿನ ಮೇಲೆ, ಅಂದರೆ ಹೆಡ್ಡಿನಲ್ಲಿ ಅದು ಮುಚ್ಚಿಕೊಳ್ಳುವ ಅಂಚಿನ ಮೇಲೆ, ಕೂತಾಗ. ಬಿಸಿಯಾಗಿ ಉದ್ದ ಹಿಗ್ಗಿದಾಗ ಸಂದಿ ಇಲ್ಲದಿದ್ದರೆ ಪೂರ್ತಿ ಕೂರುವುದೇ ಇಲ್ಲ, ಬೆಂಕಿ ವಾಲ್ವಿಗೂ ಸೀಟಿಗೂ ನಡುವಿನಿಂದ ನುಗ್ಗಿ ಅಂಚು ಕೊಯ್ಯುತ್ತದೆ. ಸ್ವಲ್ಪ ಟಕಟಕ ಇರಬೇಕಾದದ್ದೇ ಸರಿ. ಮೇಸ್ತ್ರಿ ಮಾತಲ್ಲಿ ಹೇಳುವುದಾದರೆ, "ಮಾತಾಡುವ ಟ್ಯಾಪೆಟ್ ಒಳ್ಳೇದು."

ಇನ್ನೂ ಎರಡು 'ಅಂ' ಅಲ್ಲೇ ಸಿಕ್ಕವು. ಕಾರು ಬಿಸಿಯಾಗುತ್ತದೆ ಅಂತ ಯಾರೋ ಥರ್ಮೋಸ್ಟಾಟ್ ಕಿತ್ತು ಬಿಸಾಡಿದ್ದರು, ಎಂಜಿನ್ ಬೆಚ್ಚಗಾಗುವ ತನಕ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವುದು ಅದೇ. ನಮ್ಮ ಕಡೆಯ ಚಳಿಯಲ್ಲಿ ಎಂಜಿನ್ ಬೆಚ್ಚಗಾಗುತ್ತಲೇ ಇರಲಿಲ್ಲ, ಪೆಟ್ರೋಲ್ ಕುಡಿಯುತ್ತಿತ್ತು. ಮತ್ತೆ ರೇಡಿಯೇಟರಿಗೆ ಕೂಲೆಂಟ್ ಇಲ್ಲದೆ ಬರೀ ಬಾವಿ ನೀರು. ಈ ಎಂಜಿನ್ನಿನ ಬ್ಲಾಕು ಎರಕದ ಕಬ್ಬಿಣ, ಹೆಡ್ಡು ಅಲ್ಯೂಮಿನಿಯಂ. ಎರಡು ಲೋಹದ ನಡುವೆ ಬರೀ ನೀರು ಹಾಕಿದರೆ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಹೆಡ್ಡಿನ ನೀರಿನ ದಾರಿಗಳ ಸುತ್ತ ಗೆದ್ದಲು ತಿಂದ ಹಾಗಿತ್ತು. ತುಂಬಿಸಿ, ಸಮ ಮಾಡಿಸಿ, ಒಂದು ವಾಲ್ವ್ ಹೊಸದು ಹಾಕಿಸಿ, ಉಳಿದವನ್ನು ಉಜ್ಜಿಸಿದೆ. ಪಿಸ್ಟನ್ ಮುಟ್ಟಲಿಲ್ಲ.

ಮಂಡಗದ್ದೆಯ ಭೂತ

ಇನ್ನು ನನ್ನದೇ ಕತೆ.

2022ರ ಕೊನೆಗೆ ಕಾರು ಓಡತೊಡಗಿತು. ತೀರ್ಥಹಳ್ಳಿಯಿಂದ ಶಿವಮೊಗ್ಗ ಅರವತ್ತು ಕಿಲೋಮೀಟರ್ ದಾರಿ, ತುಂಗೆಯ ಪಕ್ಕಪಕ್ಕದಲ್ಲೇ. ಅರ್ಧ ದಾರಿಗೆ ಮಂಡಗದ್ದೆ. ಮಂಡಗದ್ದೆ ಹತ್ತಿರ ಬಂದರೆ ಕಾರು ಎರಡು ಸಲ ಮುಗ್ಗರಿಸಿ ನಿಲ್ಲುತ್ತಿತ್ತು. ಇಪ್ಪತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಲ್ಲ ಅನ್ನುವ ಹಾಗೆ ಶುರು. ಅಲ್ಲಿ ಹಕ್ಕಿ ನೋಡಲು ಬಂದವರು ನನ್ನನ್ನೂ ನೋಡಿ ಹೋದರು.

ಬಿಸಿಯಾದಾಗ ನಿಲ್ಲುತ್ತದೆ, ತಣ್ಣಗಾದಾಗ ಓಡುತ್ತದೆ. ಹಳೆ ಕಾರಿನ ಬಗ್ಗೆ ನಾಲ್ಕು ಮಾತು ಗೊತ್ತಿರುವ ಯಾರಾದರೂ 'ವೇಪರ್ ಲಾಕ್' ಅನ್ನುತ್ತಾರೆ. ಎಂಜಿನ್ ಬಿಸಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ, ಅದನ್ನು ಟ್ಯಾಂಕಿನಿಂದ ಎಳೆಯುವ ಪಂಪಿಗೆ ಸಿಗದೆ ಹೋಗುವುದು. ಹಿಂದೆ ಘಾಟಿ ಹತ್ತುವಾಗ ಡ್ರೈವರುಗಳು ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದರಲ್ಲ, ಅದೇ ರೋಗ. ನಾನೂ ಒದ್ದೆ ಬಟ್ಟೆ ಹಾಕಿದೆ. ನಿಂತಿತು. ಪೈಪಿಗೆ ಶಾಖ ತಡೆಯುವ ಸುತ್ತು ಹಾಕಿದೆ. ನಿಂತಿತು. ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಬದಲಿಸಿದೆ, ಡಿಸ್ಟ್ರಿಬ್ಯೂಟರ್ ಕಂಡೆನ್ಸರ್ ಬದಲಿಸಿದೆ. ನಿಂತಿತು.

ಆಗ ನಾನು ಮಾಡಿದ್ದು ಹದಿನೈದನೆಯ ತಪ್ಪು. ಎಂಜಿನ್ನಿಗೆ ಅಂಟಿದ್ದ ಮೂಲ ಪಂಪು ಕಿತ್ತು, ಹಿಂದೆ ಡಿಕ್ಕಿಯ ಹತ್ತಿರ ಒಂದು ಕರೆಂಟಿನ ಪಂಪು ಹಾಕಿದೆ. ಅಪ್‌ಗ್ರೇಡ್! ಫಲ ಏನಾಯಿತು ಅಂದರೆ, ಹೊಸ ಪಂಪಿನ ಒತ್ತಡಕ್ಕೆ ಸೋಲೆಕ್ಸ್ ಕಾರ್ಬುರೇಟರಿನಲ್ಲಿ ಪೆಟ್ರೋಲನ್ನು ಅಳತೆಗೆ ನಿಲ್ಲಿಸುವ ಫ್ಲೋಟ್ ಸೂಜಿ ತಡೆಯಲಿಲ್ಲ. ಪೆಟ್ರೋಲ್ ಉಕ್ಕಿ ಬಿಸಿ ಸೈಲೆನ್ಸರ್ ಪೈಪಿನ ಪಕ್ಕಕ್ಕೇ ತೊಟ್ಟಿಕ್ಕುತ್ತಿತ್ತು. ಬಾನೆಟ್ ಎತ್ತಿದಾಗ ನೋಡಿದೆ, ಕೈಕಾಲು ತಣ್ಣಗಾಯಿತು. ಇಷ್ಟಾದರೂ ಕಾರು ಮಂಡಗದ್ದೆಯಲ್ಲಿ ನಿಲ್ಲುವುದು ಬಿಡಲಿಲ್ಲ.

ಆದರೆ ಆ ಪಂಪಿನಿಂದ ಒಂದು ಉಪಕಾರ ಆಯಿತು. ಕಾರು ನಿಲ್ಲುವ ಸ್ವಲ್ಪ ಮೊದಲು ಹಿಂದಿನಿಂದ 'ಡಬ್' ಅಂತ ಒಂದು ಸದ್ದು. ಬಿಸ್ಕತ್ತಿನ ಡಬ್ಬಿ ಒತ್ತಿದರೆ ಬರುತ್ತದಲ್ಲ, ಹಾಗೆ. ಮನೆಗೆ ಬಂದು ಮೇಸ್ತ್ರಿಗಳಿಗೆ ಫೋನಿನಲ್ಲಿ ಹೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಟ್ಯಾಂಕು ತುಂಬಿದ್ದಾಗ ಬೇಗ ನಿಲ್ಲುತ್ತಾ, ಖಾಲಿ ಇದ್ದಾಗಲಾ?"

ನೋಟ್‌ಬುಕ್ ತಿರುವಿದೆ. ಪೆಟ್ರೋಲ್ ಹಾಕಿಸಿದ ದಿನ, ಕಿಲೋಮೀಟರ್ ಎಲ್ಲ ಬರೆದಿಟ್ಟಿದ್ದೆ, ಜೋಡಿಸಿ ನೋಡಿರಲಿಲ್ಲ ಅಷ್ಟೇ. ಅರ್ಧ ಟ್ಯಾಂಕ್ ಇದ್ದಾಗ ಮಂಡಗದ್ದೆ. ಒಂದು ಸಲ ಫುಲ್ ಮಾಡಿಸಿದ ದಿನ ಹತ್ತೇ ಕಿಲೋಮೀಟರಿಗೆ ನಿಂತಿತ್ತು. ತಳ ಕಂಡಿದ್ದ ದಿನ ನಿಂತೇ ಇರಲಿಲ್ಲ.

"ಮುಂದಿನ ಸಲ ನಿಂತಾಗ ಬಾನೆಟ್ ಎತ್ತಬೇಡ ಮಾರಾಯ. ಪೆಟ್ರೋಲ್ ಮುಚ್ಚಳ ತೆಗಿ."

ಮರುದಿನ ಫುಲ್ ಟ್ಯಾಂಕ್ ಮಾಡಿಸಿ ಹೊರಟೆ. ನಿಂತಿತು. ಹಿಂದೆ ಹೋಗಿ ಮುಚ್ಚಳಕ್ಕೆ ಕೀ ಹಾಕಿ ತಿರುಗಿಸಿದೆ. 'ಭುಸ್ಸ್' ಅಂತ ಗಾಳಿ ಒಳಗೆ ಎಳೆದುಕೊಂಡ ಸದ್ದು ಒಂದೆರಡು ಸೆಕೆಂಡು, ಆಮೇಲೆ ಟ್ಯಾಂಕಿನ ತಗಡು 'ಡಬ್' ಅಂತ ಹೊರಗೆ ಉಬ್ಬಿತು. ಕಾರು ಕೂಡಲೇ ಶುರುವಾಯಿತು.

ಸಂಗತಿ ಇಷ್ಟೇ. ಟ್ಯಾಂಕಿನಿಂದ ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ಗಾಳಿಯ ಸಣ್ಣ ಕೊಳವೆ ತುಕ್ಕಿನ ಪುಡಿ ತುಂಬಿ ಕಟ್ಟಿತ್ತು. ಮುಚ್ಚಳದಿಂದಲಾದರೂ ಬರಬಹುದಿತ್ತು. ಆದರೆ ಎಂಬತ್ತರ ದಶಕದಲ್ಲಿ ಯಾರೋ ಪೆಟ್ರೋಲ್ ಕದಿಯುತ್ತಾರೆ ಅಂತ ಅಜ್ಜ ಬೀಗದ ಮುಚ್ಚಳ ಹಾಕಿಸಿದ್ದರು, ಅದರಲ್ಲಿ ತೂತೇ ಇರಲಿಲ್ಲ. ಟ್ಯಾಂಕು ತುಂಬಿದ್ದರೆ ಒಳಗಿರುವ ಗಾಳಿ ಕಡಿಮೆ, ನಾಲ್ಕು ಲೋಟ ಪೆಟ್ರೋಲ್ ಹೋದರೂ ಸೆಳೆತ ಜೋರಾಗುತ್ತದೆ. ಖಾಲಿ ಇದ್ದರೆ ಗಾಳಿ ಬೇಕಾದಷ್ಟಿದೆ, ಗೊತ್ತೇ ಆಗಲ್ಲ. ಇಪ್ಪತ್ತು ನಿಮಿಷ ಬಿಟ್ಟರೆ ಸರಿಯಾಗುತ್ತಿದ್ದದ್ದು ತಣ್ಣಗಾಗಿ ಅಲ್ಲ. ಅಷ್ಟು ಹೊತ್ತಿಗೆ ಎಲ್ಲೋ ಸಂದಿಯಿಂದ ಒಂದಿಷ್ಟು ಗಾಳಿ ನುಸುಳಿರುತ್ತಿತ್ತು. ಬಿಸಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಕೊಳವೆ ಬಿಡಿಸಿದೆ, ತೂತಿರುವ ಮುಚ್ಚಳ ಹಾಕಿದೆ, ಕರೆಂಟಿನ ಪಂಪು ಕಿತ್ತೆ. ಮೂಲ ಪಂಪಿಗೆ ಹೊಸ ಡಯಾಫ್ರಮ್ ಹಾಕಿ ಅದರ ಜಾಗದಲ್ಲೇ ಕೂರಿಸಿದೆ. ಕಾಯಿಲ್, ಕಂಡೆನ್ಸರ್, ಪಂಪು, ಸುತ್ತುಪಟ್ಟಿ ಅಂತ ಹತ್ತಿರ ಹತ್ತಿರ ಒಂಬತ್ತು ಸಾವಿರ ರೂಪಾಯಿ ಹೋಗಿತ್ತು. ಮುಚ್ಚಳಕ್ಕೆ 180.

ಬದಲಿಸಿದ್ದು, ಬದಲಿಸದ್ದು

ಹೊಸದಾಗಿ ಸೇರಿಸಿದ್ದು ಎಲ್ಲಾ ಸೇರಿ ಮೂರೇ. ಡೈನಮೊ ತೆಗೆದು, ಎಂಜಿನ್ ನಿಧಾನಕ್ಕೆ ತಿರುಗುವಾಗಲೂ ಚಾರ್ಜ್ ಮಾಡುವ ಆಲ್ಟರ್ನೇಟರ್ ಹಾಕಿದೆ. ಇದು ನಿಜವಾದ 'ಕು' ದೋಷ. ಡೈನಮೊ ಎಂಜಿನ್ ನಿಧಾನಕ್ಕೆ ತಿರುಗುವಾಗ ಚಾರ್ಜೇ ಮಾಡಲ್ಲ. ಮಳೆಗಾಲದ ಸಂಜೆ ಲೈಟು, ವೈಪರು ಎರಡೂ ಹಾಕಿ ಟ್ರಾಫಿಕ್‌ನಲ್ಲಿ ನಿಂತರೆ ಬ್ಯಾಟರಿ ಇಳಿಯುತ್ತಾ ಹೋಗುತ್ತದೆ. ಮಾರುತಿಯ ಹಳೆ ಆಲ್ಟರ್ನೇಟರ್, ಕೂರಿಸಲು ಒಂದು ಕ್ಲಾಂಪು ಮಾಡಿಸಿದೆ. ಬ್ಯಾಟರಿಗೆ ಹೋಗುವ ವೈರು ದಪ್ಪದ್ದು ಹಾಕಲೇಬೇಕು, ಹಳೆ ವೈರು ಇಟ್ಟರೆ ಸುಡುತ್ತದೆ.

ಎರಡನೆಯದು ಹೆಡ್‌ಲೈಟಿಗೆ ರಿಲೇ, ಅಂದರೆ ಹಳೆ ಸ್ವಿಚ್ಚಿನ ಸನ್ನೆಗೆ ಬ್ಯಾಟರಿಯಿಂದ ನೇರ ಬಲ್ಬಿಗೆ ಕರೆಂಟು ಬಿಡುವ ಇನ್ನೊಂದು ಸ್ವಿಚ್ಚು. ಬೆಳಕು ಮಂದ ಅಂತ ಎಲ್ಲರೂ ಎಲ್‌ಇಡಿ ಹಾಕಿಸು ಅಂದರು. ಮೀಟರ್ ಹಿಡಿದೆ. ಬ್ಯಾಟರಿಯಲ್ಲಿ 12.4 ವೋಲ್ಟ್, ಬಲ್ಬಿನ ಹತ್ತಿರ 10.1. ನಡುವಿನದ್ದನ್ನು ಐವತ್ತು ವರ್ಷದ ಸ್ವಿಚ್ಚು, ಸವೆದ ವೈರು ನುಂಗುತ್ತಿದ್ದವು. ವೋಲ್ಟೇಜ್ ಹತ್ತು ಪರ್ಸೆಂಟ್ ಇಳಿದರೆ ಇಂಥ ಬಲ್ಬಿನ ಬೆಳಕು ಸುಮಾರು ಮೂವತ್ತು ಪರ್ಸೆಂಟ್ ಇಳಿಯುತ್ತದೆ. ಈ ಲೆಕ್ಕದಲ್ಲಿ ನಮ್ಮದು ಅರ್ಧಕ್ಕೆ ಬಂದಿತ್ತು. ಎರಡು ರಿಲೇ, ಹೊಸ ವೈರು, ಒಂದು ಫ್ಯೂಸು. ಬಲ್ಬು ಅದೇ ಹಳೆಯದು, ಬೆಳಕು ಹೊಸದು.

ಮೂರನೆಯದು ಪೆಟ್ರೋಲ್ ಪೈಪು. ಈಗ ಬಂಕಿನಲ್ಲಿ ಸಿಗುವುದು ಎಥನಾಲ್ ಬೆರೆಸಿದ ಪೆಟ್ರೋಲು. 1972ರ ರಬ್ಬರು ಅದಕ್ಕೆ ಮಾಡಿದ್ದಲ್ಲ, ಮೆತ್ತಗಾಗಿ ಬಿರಿಯುತ್ತದೆ. ಎಥನಾಲ್ ತಡೆಯುವ ಹೋಸ್ ಕೇಳಿ ತಗೊಳ್ಳಿ, ಹೋಸಿನ ಮೇಲೇ ಬರೆದಿರುತ್ತದೆ. ಎಥನಾಲ್ ಗಾಳಿಯಿಂದ ನೀರು ಹೀರುತ್ತದೆ, ಹಾಗಾಗಿ ಮಳೆಗಾಲ ಪೂರ್ತಿ ಟ್ಯಾಂಕಿನಲ್ಲಿ ಪೆಟ್ರೋಲ್ ಕೂರಿಸಬೇಡಿ.

ಬ್ರೇಕಿಗೆ ಮುಂದೆ ಡಿಸ್ಕ್ ಹಾಕಿಸು ಅಂತ ಬಹಳ ಜನ ಹೇಳಿದರು. ಬ್ರೇಕು ಹಿಡಿಯುತ್ತಿರಲಿಲ್ಲ, ನಿಜ. ಬಿಚ್ಚಿ ನೋಡಿದರೆ ಚಕ್ರದ ಬ್ರೇಕ್ ಸಿಲಿಂಡರುಗಳ ಬಟ್ಟಲಿನಂಥ ರಬ್ಬರ್ ಸೀಲುಗಳೆಲ್ಲ ಉಬ್ಬಿ ಹೊರಗೆ ಬರದಷ್ಟು ದಪ್ಪ ಆಗಿದ್ದವು. ಯಾರೋ ಎಂಜಿನ್ ಆಯಿಲ್ ಹಾಕಿದ್ದರು. ತಪ್ಪು ಅವರದ್ದೇ ಅಂತಲೂ ಹೇಳಲಾರೆ, 'ಬ್ರೇಕ್ ಆಯಿಲ್' ಅನ್ನುವ ಹೆಸರೇ ಮೋಸ. ಅದು ಆಯಿಲ್ ಅಲ್ಲ, ಬೇರೆಯೇ ದ್ರವ. ನಿಜವಾದ ಎಣ್ಣೆ ತಾಗಿದರೆ ಆ ರಬ್ಬರು ಇಡ್ಲಿ ಹಿಟ್ಟಿನ ಹಾಗೆ ಉಬ್ಬುತ್ತದೆ. ರಬ್ಬರೆಲ್ಲ ಬದಲಿಸಿ, ಪೈಪು ತೊಳೆದು, ಡ್ರಮ್ ಒಳಮುಖ ಕಡೆಸಿ, ನಾಲ್ಕೂ ಚಕ್ರಕ್ಕೆ ಸರಿಯಾಗಿ ಅಡ್ಜಸ್ಟ್ ಮಾಡಿದೆ. ಗಂಟೆಗೆ ಅರವತ್ತು ಕಿಲೋಮೀಟರಿನಲ್ಲಿ ನೇರವಾಗಿ ನಿಲ್ಲುತ್ತದೆ. ಈ ಕಾರಿಗೆ ಅದಕ್ಕಿಂತ ಜೋರು ಯಾಕೆ ಬೇಕು?

ಡಿಸ್ಕು, ಮಾರುತಿ ಎಂಜಿನ್ನು, ನೆಲದ ಗೇರು, ಇವಕ್ಕೆ ಕೈ ಹಾಕದಿರಲು ಕಾಗದದ ಕಾರಣವೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಮಾಡಿದ ಮೂಲ ರೂಪ ಬದಲಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿಯಾಗಿ ಹೇಳಿತು. 2021ರಲ್ಲಿ ಐವತ್ತು ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನಿಯಮ ಬಂತು. ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ. ಅದಕ್ಕೂ ಬಾಡಿ, ಚಾಸಿ, ಎಂಜಿನ್ ಮೂಲದ ಹಾಗೇ ಇರಬೇಕು. ನಾನು ಆ ದಾರಿ ಹಿಡಿಯಲಿಲ್ಲ. ವಿಂಟೇಜ್ ನಂಬರ್ ಹಾಕಿಸಿದರೆ ದಿನಾ ಓಡಿಸುವಂತಿಲ್ಲ, ರ‍್ಯಾಲಿ, ಪ್ರದರ್ಶನ ಅಂತ ಮಾತ್ರ. ನನಗೆ ಇದರಲ್ಲಿ ಸಂತೆಗೆ ಹೋಗಬೇಕಿತ್ತು. 2023ರಲ್ಲಿ 5,000 ರೂಪಾಯಿ ಕಟ್ಟಿ, ಫಿಟ್‌ನೆಸ್ ಮಾಡಿಸಿ, ಮಾಮೂಲಿ ಆರ್‌ಸಿಯನ್ನೇ ಐದು ವರ್ಷಕ್ಕೆ ರಿನ್ಯೂ ಮಾಡಿಸಿದೆ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿಯ ಇಪ್ಪತ್ತು ವರ್ಷದ ಅವಧಿ ಮುಗಿಯಿತು. ಪೇಪರಿನಲ್ಲಿ ಫೋಟೊ ನೋಡಿ ಅಪ್ಪ ಬೇಜಾರು ಮಾಡಿಕೊಂಡರು. ನನಗೆ ಬೇರೆ ಚಿಂತೆ. ಸಾವಿರಾರು ಟ್ಯಾಕ್ಸಿ ಓಡುತ್ತಿದ್ದಾಗ ಬಿಡಿಭಾಗ ಮಾಡುವವರಿದ್ದರು. ಈಗ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಕೇಳಿದರೆ ಹಳೆ ಸ್ಟಾಕ್ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಶಿವಾಜಿನಗರದ ಗುಜರಿಯಲ್ಲಿ ಒಂದು ಎಡಬಾಗಿಲಿನ ಹಿಡಿಕೆಗೆ ಎರಡು ಸಲ ಹೋಗಿ ಬಂದೆ. ಸಿಕ್ಕಾಗ ಎರಡು ಕೊಳ್ಳುವ ಅಭ್ಯಾಸ ಆಗಿದೆ. ಅಮ್ಮ ಅಟ್ಟದ ಕಡೆ ನೋಡಿ ನಿಟ್ಟುಸಿರು ಬಿಡುತ್ತಾರೆ.

ಬಣ್ಣ, ಸೀಟಿನ ಬಟ್ಟೆ, ಕ್ರೋಮ್ ಬಗ್ಗೆ ಹೇಳುವಂಥದ್ದು ಏನಿಲ್ಲ. ದುಡ್ಡು ಕೊಟ್ಟೆ, ಮಾಡಿಕೊಟ್ಟರು. ಒಟ್ಟು ಖರ್ಚು 2,43,000. ಅದರಲ್ಲಿ ತಗಡು, ವೆಲ್ಡಿಂಗ್, ಬಣ್ಣಕ್ಕೇ ಅರ್ಧಕ್ಕಿಂತ ಜಾಸ್ತಿ. ಎಂಜಿನ್ನಿಗೆ 31,000. ಮೊದಲು ಅಂದುಕೊಂಡದ್ದು ಇದಕ್ಕೆ ತಿರುಗುಮುರುಗು.

ಈಗ ಕಾರು ವಾರಕ್ಕೆರಡು ಸಲ ಓಡುತ್ತದೆ. ಗೇರ್‌ಬಾಕ್ಸಿನ ಹಿಂದಿನಿಂದ ರಾತ್ರಿಗೆ ಮೂರು ತೊಟ್ಟು ಆಯಿಲ್ ಬೀಳುತ್ತದೆ, ಅಡಿಗೆ ಒಂದು ಹಳೆ ತಟ್ಟೆ ಇಟ್ಟಿದ್ದೇನೆ. ಡೈನಮೊಗೆ ಎಣ್ಣೆ ಸವರಿ ಡಬ್ಬದಲ್ಲಿ ಇಟ್ಟಾಗಿದೆ, ಬೇಕಾದರೆ ಒಂದು ಮಧ್ಯಾಹ್ನದಲ್ಲಿ ವಾಪಸ್ ಕೂರಿಸಬಹುದು. ನೋಟ್‌ಬುಕ್ ಡ್ಯಾಶ್‌ಬೋರ್ಡಿನ ಗೂಡಿನಲ್ಲಿದೆ. ಆಲ್ಟರ್ನೇಟರಿನ ಯಾವ ವೈರು ಎಲ್ಲಿಗೆ, ರಿಲೇ ಎಲ್ಲಿದೆ, ಸಿಲ್‌ನ ತೂತು ಎಷ್ಟು, ಎಲ್ಲೆಲ್ಲಿ, ಎಲ್ಲ ಚಿತ್ರ ಬರೆದಿದೆ.

ಕಳೆದ ದೀಪಾವಳಿಗೆ ಬಂದ ಅಕ್ಕನ ಮಗ ಕಾರಿಗೆ ಬ್ಲೂಟೂತ್ ಸ್ಟೀರಿಯೊ ಹಾಕುತ್ತೇನೆ ಅಂತ ಹಟ ಹಿಡಿದ. ಹಾಕು ಅಂದೆ. ನೋಟ್‌ಬುಕ್ಕು, ಪೆನ್ನು ಕೊಟ್ಟು, "ಕರೆಂಟು ಯಾವ ವೈರಿನಿಂದ ತಗೊಂಡೆ ಅಂತ ಮೊದಲು ಬರಿ, ಆಮೇಲೆ ವೈರು ಕೊಯ್ಯಿ" ಅಂದೆ. ಸಂಜೆ ಹಾಡು ಕೇಳಿಸಿತು. ಅವನು ಹೋದ ಮೇಲೆ ಪುಟ ತೆಗೆದು ನೋಡಿದೆ. ಹದಿನಾರು ಅಂತ ನಂಬರ್ ಹಾಕಿ ಬರೆದಿದ್ದ: 'ಕೆಂಪು ವೈರಿನಿಂದ ತಗೊಂಡಿದ್ದೇನೆ ಮಾಮ. ಫ್ಯೂಸ್ ಸಿಗಲಿಲ್ಲ. ಮುಂದಿನ ಸಲ ಬಂದಾಗ ಹಾಕುತ್ತೇನೆ.'